ಹಳೆಯ ಕಲ್ಲಿನ ಕಾಂತಸ್ಮೃತಿ

ಪ್ರಶ್ನೆ: ನಾನು ಹಾಸನದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಗೊರೂರಿನ ಸುತ್ತ 300 ಕೋಟಿ ವರ್ಷಕ್ಕೂ ಹಳೆಯ ಬಂಡೆಗಳಿವೆ ಎಂದು ಕೇಳಿದ್ದೇನೆ. ಅವುಗಳಿಂದ ಭೂಮಿಯ ಪ್ರಾಚೀನ ಕಾಂತಕ್ಷೇತ್ರವನ್ನು ಅಧ್ಯಯನ ಮಾಡಿ ಪಿಎಚ್.ಡಿ. ಪಡೆಯುವ ಅವಕಾಶವಿದೆಯೇ? ಭೂವಿಜ್ಞಾನ ಓದದಿರುವುದು ಅಡ್ಡಿಯಾಗುತ್ತದೆಯೇ?
– ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಅವಕಾಶ ಖಂಡಿತ ಇದೆ. ನವಿ ಮುಂಬೈನ ಭಾರತೀಯ ಭೂಕಾಂತತ್ವ ಸಂಸ್ಥೆ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗಳಲ್ಲಿ ಇದಕ್ಕೆ ಪ್ರಯೋಗಾಲಯಗಳಿವೆ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಭೌತಶಾಸ್ತ್ರದವರಿಗೆ ಈ ಕ್ಷೇತ್ರದಲ್ಲಿ ಒಳ್ಳೆಯ ಬೇಡಿಕೆಯೇ ಇದೆ.

ಆದರೆ ಗೊರೂರಿನ ಬಂಡೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕಲ್ಲು ಹಳೆಯದಾದ ಮಾತ್ರಕ್ಕೆ ಅದರ ಕಾಂತತ್ವವೂ ಅಷ್ಟೇ ಹಳೆಯದಾಗಿರಬೇಕೆಂದಿಲ್ಲ. ಕಲ್ಲಿನೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವು ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಹಿಂದಿನ ಕಾಂತತ್ವವನ್ನೆಲ್ಲ ಕಳೆದುಕೊಂಡು, ಮತ್ತೆ ತಣಿಯುವಾಗ ಆ ಕಾಲದ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ; ಗೊರೂರಿನ ಸುತ್ತಲಿನ ನೈಸ್ ಎಂಬ ಪಟ್ಟೆಪಟ್ಟೆ ಶಿಲೆಯೋ ಹುಟ್ಟಿದ ಮೇಲೆ ಹಲವು ಸಲ ಬೆಂದು, ಮಡಿಚಿಕೊಂಡಿರುವಂಥದ್ದು. ಆದ್ದರಿಂದ ಕ್ವಾರಿಗಳಲ್ಲಿ ಬಿಳಿಗಲ್ಲನ್ನು, ಅಂದರೆ ಇಂಥ ನೈಸನ್ನು, ಸೀಳಿಕೊಂಡು ಹೋಗಿರುವ ಕಪ್ಪು ಕಲ್ಲಿನ ಪಟ್ಟಿಗಳನ್ನು ನೋಡಿ; ಬಿರುಕಿನಲ್ಲಿ ಕಾದ ಶಿಲಾರಸ ನುಗ್ಗಿ ತಣಿದು ಆದ ಇವನ್ನು ಡೈಕ್ ಎನ್ನುತ್ತಾರೆ. ಬೆಂಗಳೂರಿನ ಸುತ್ತಲಿನ ಇಂಥ ಕೆಲವು ಡೈಕ್‌ಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಡೈಕಿಗೆ ಅಂಟಿಕೊಂಡು ಬೆಂದ ಬಿಳಿಗಲ್ಲಿನಲ್ಲಿ ಡೈಕಿನದೇ ದಿಕ್ಕು ಕಂಡು, ದೂರದ ಬಿಳಿಗಲ್ಲಿನಲ್ಲಿ ಬೇರೆ ದಿಕ್ಕು ಕಂಡರೆ, ಡೈಕಿನ ಕಾಂತತ್ವ ಅದು ತಣಿದ ಕಾಲದ್ದೇ ಎಂದು ನಂಬಬಹುದು. ಈ ಪರೀಕ್ಷೆಯ ಸರಳತೆ ನನಗೆ ಇಂದಿಗೂ ಅಚ್ಚರಿ ತರುತ್ತದೆ.

ಮಾದರಿ ತೆಗೆಯುವುದೂ ನಾಜೂಕಿನ ಕೆಲಸ. ನೀರು ಹಾಯಿಸುತ್ತ ಸುಮಾರು 2.5 ಸೆಂಟಿಮೀಟರ್ ವ್ಯಾಸದ ಕಲ್ಲಿನ ತುಂಡನ್ನು ಕೊರೆದು, ಬಂಡೆಯಿಂದ ಮುರಿಯುವ ಮೊದಲೇ ಅದರ ದಿಕ್ಕನ್ನು ಗುರುತಿಸಬೇಕು. ಕಾಂತಗುಣ ಹೆಚ್ಚಿರುವ ಬಂಡೆಯ ಬಳಿ ದಿಕ್ಸೂಚಿ ತಪ್ಪು ತೋರಿಸುವುದರಿಂದ ಸೂರ್ಯನ ನೆರಳನ್ನೂ ಗಡಿಯಾರವನ್ನೂ ಆಧರಿಸುತ್ತಾರೆ. ಹೀಗಾಗಿ ನಮ್ಮ ಮಲೆನಾಡಿನಲ್ಲಿ ಮಳೆಗಾಲ ಕಳೆಯುವವರೆಗೆ ಕಾಯುವುದು ಲೇಸು. ಬಾಬಾಬುಡನ್‌ಗಿರಿಯಂಥ ಬೆಟ್ಟದ ನೆತ್ತಿಯ ಬಂಡೆಗಳಿಗೆ ಸಿಡಿಲು ಬಡಿದು ಹೊಸ ಕಾಂತತ್ವ ಸೇರಿರುವ ಸಂಭವವಿದೆ, ಅವನ್ನು ಬಿಡಿ.

ಭೂವಿಜ್ಞಾನದ ಕೊರತೆಯನ್ನು ಈ ವರ್ಷವೇ ತುಂಬಿಕೊಳ್ಳಬಹುದು. ಭೂವಿಜ್ಞಾನದ ಅಧ್ಯಾಪಕರೊಬ್ಬರನ್ನು ಕೇಳಿಕೊಂಡು ಕಲ್ಲಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಕಲಿಯಿರಿ. ಆಮೇಲೆ ಪ್ರಯೋಗಾಲಯದ ವಿಜ್ಞಾನಿಗಳಿಗೆ ಪತ್ರ ಬರೆದು, ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟನ್ನು ಅವರಲ್ಲಿ ಮಾಡಬಹುದೇ ಎಂದು ವಿಚಾರಿಸಿ.