ಪ್ಲಗ್ ಎಲ್ಲಿ ಚುಚ್ಚಿದರು?

ನಮಸ್ಕಾರ. ಆಸ್ಬೋರ್ನ್-1 ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕೈಯಲ್ಲಿ ಹಿಡಿದು ಒಯ್ಯಬಹುದು ಎಂದು 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆ ಕಂಪ್ಯೂಟರನ್ನು ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಅದನ್ನು ಹೊರತಂದ ಆ್ಯಡಮ್ ಆಸ್ಬೋರ್ನ್ ಚಿಕ್ಕಂದಿನಲ್ಲಿ ತಿರುವಣ್ಣಾಮಲೈಯಲ್ಲಿದ್ದ ಸಂಗತಿಯೂ ಸರಿಯಾದ ಜಾಗದಲ್ಲಿ ಬಂದಿದೆ. ಭಾಷೆ ಚೊಕ್ಕವಾಗಿದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಎರಡನೇ ಪುಟಕ್ಕೆ ಬರೋಣ. ನನಗೆ ಸಿಟ್ಟು ಬಂದಿದ್ದು ಅಲ್ಲಿ.

'ಇದನ್ನು ಎಲ್ಲಿ ಬೇಕಾದರೂ ಕೂತು ಬಳಸಬಹುದಾಗಿತ್ತು' ಎಂದಿದ್ದೀರಿ. ಎಲ್ಲಿ ಕೂತು? ಮರದ ಕೆಳಗೆ? ರೈಲಿನಲ್ಲಿ? ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ವಿಮಾನದ ಸೀಟಿನ ಕೆಳಗೆ ತೂರಬೇಕು ಎಂದು ಲೆಕ್ಕ ಹಾಕಿ ಮಾಡಿದ ಯಂತ್ರ, ನಿಜ. ಆದರೆ ತೂರಿಸಿದ ಮೇಲೆ ಅದು ಅಲ್ಲೇ ಇರಬೇಕು. ಇಳಿದು, ಸುಮಾರು 11 ಕಿಲೋ ಹೊತ್ತುಕೊಂಡು ಹೋಟೆಲ್ ರೂಮಿಗೆ ಹೋಗಿ, ಗೋಡೆಯಲ್ಲಿ ಪ್ಲಗ್ ಹುಡುಕಿದ ಮೇಲೇ ಕೆಲಸ ಶುರು. ಒಯ್ಯುವುದು ಬೇರೆ, ಹೋದಲ್ಲೆಲ್ಲ ಬಳಸುವುದು ಬೇರೆ. ಲೇಖನದ ಜೀವ ಇದ್ದಿದ್ದೇ ಇಲ್ಲಿ. ಅದನ್ನು ಒಂದು ಸಲೀಸು ವಾಕ್ಯ ನುಂಗಿಬಿಟ್ಟಿದೆ.

ಅದರ ಕೆಳಗಿನ ಸಾಲು ಇನ್ನೂ ಜಾಸ್ತಿ ಕಾಡಿತು. '5 ಇಂಚಿನ ಪುಟ್ಟ ಪರದೆ ಕಿರಿಕಿರಿ ಎನಿಸಿದರೂ ಜನ ಬೇಗ ಒಗ್ಗಿಕೊಂಡರು.' ಏನು ಕಿರಿಕಿರಿ? ಹೇಳಿ ನೋಡೋಣ. ಪರದೆಯ ಒಂದು ಸಾಲಿನಲ್ಲಿ ಹಿಡಿಯುತ್ತಿದ್ದದ್ದು 52 ಅಕ್ಷರ. ಆಗ ಕಂಪ್ಯೂಟರಿನವರಿಗೆ ರೂಢಿಯಾಗಿದ್ದ ಸಾಲು 80 ಅಕ್ಷರದ್ದು. ಅಂದರೆ ವರ್ಡ್‌ಸ್ಟಾರ್ ಎಂಬ ಬರವಣಿಗೆಯ ಸಾಫ್ಟ್‌ವೇರಿನಲ್ಲಿ ಅಷ್ಟಗಲದ ಪತ್ರ ಬರೆಯಲು ಕೂತವರಿಗೆ ಪ್ರತಿ ಸಾಲಿನಲ್ಲೂ 28 ಅಕ್ಷರ ಕಾಣುತ್ತಲೇ ಇರಲಿಲ್ಲ. ಕಂಟ್ರೋಲ್ ಕೀ ಹಿಡಿದು ಬಾಣದ ಕೀ ಒತ್ತಿದರೆ ನೋಟ ಬಲಕ್ಕೆ ಸರಿಯುತ್ತದೆ. ಸಾಲಿನ ಕೊನೆ ಕಾಣಿಸುತ್ತದೆ, ಶುರು ಮಾಯವಾಗುತ್ತದೆ. ಮತ್ತೆ ಎಡಕ್ಕೆ. ಪರದೆಯ ಎರಡೂ ಪಕ್ಕ ಒಂದೊಂದು ಫ್ಲಾಪಿ ಡ್ರೈವ್ ಕೂತಿತ್ತು, ಮಧ್ಯೆ ಉಳಿದಿದ್ದೇ ಅಷ್ಟು ಜಾಗ. ಇದೊಂದೂ ನಿಮ್ಮ ಲೇಖನದಲ್ಲಿ ಇಲ್ಲ. 'ಪುಟ್ಟ' ಎಂದು ಹೇಳಿ ಮುಂದೆ ಹೋಗಿದ್ದೀರಿ.

ಇನ್ನು 'ಬೇಗ ಒಗ್ಗಿಕೊಂಡರು'. ಮರುವರ್ಷವೇ ಪೈಪೋಟಿಗೆ ಕೇಪ್ರೋ-2 ಎಂಬ ಇನ್ನೊಂದು ಒಯ್ಯುವ ಕಂಪ್ಯೂಟರ್ ಬಂತು. 9 ಇಂಚಿನ ಪರದೆ, ಸಾಲಿಗೆ 80 ಅಕ್ಷರ. ಕೊಳ್ಳುವವರು ಅದನ್ನೂ ಕೊಂಡರು. ಒಗ್ಗಿಕೊಂಡವರು ಹಾಗೆ ಮಾಡುತ್ತಾರಾ? ಅದಕ್ಕೂ ಮೊದಲು ಸಹಿಸಿಕೊಂಡಿದ್ದು ಸುಮ್ನೆ ಅಲ್ಲ. 1,795 ಡಾಲರಿಗೆ ಆಸ್ಬೋರ್ನ್ ಯಂತ್ರದ ಜೊತೆ ವರ್ಡ್‌ಸ್ಟಾರ್, ಲೆಕ್ಕಪತ್ರದ ಸೂಪರ್‌ಕ್ಯಾಲ್ಕ್ ಎಲ್ಲ ಸೇರಿಸಿ ಕೊಡುತ್ತಿದ್ದರು. ಆ ಸಾಫ್ಟ್‌ವೇರನ್ನು ಬಿಡಿಯಾಗಿ ಕೊಂಡರೇ ಹೆಚ್ಚುಕಮ್ಮಿ ಅಷ್ಟಾಗುತ್ತಿತ್ತು.

ನಾನು ವಾರಪತ್ರಿಕೆಯೊಂದರಲ್ಲಿ ಟ್ರೈನಿಯಾಗಿ ಸೇರಿದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಕಾಪಿಯಲ್ಲಿ 'ಜನ' ಎಂದು ಕಂಡರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ 'ಯಾರಪ್ಪಾ ಇವರು?' ಎನ್ನುತ್ತಿದ್ದರು. ಒಮ್ಮೆ ಪ್ರೆಸ್ಸಿನ ಬಗ್ಗೆ ಬರೆಯಲು ಹೇಳಿ, 'ಅಚ್ಚಿನ ಮೊಳೆ ಜೋಡಿಸೋರ ಕೈ ನೋಡ್ಕೊಂಡು ಬಾ, ಮುಖ ಬೇಡ' ಎಂದು ಕೆಳಗೆ ಕಳಿಸಿದರು. ಮಧ್ಯಾಹ್ನವಿಡೀ ನಿಂತೆ. ಸಲೀಸಾಗಿ ಓಡುವ ಕೈ ಒತ್ತಕ್ಷರ ಬಂದಾಗ ಒಂದು ಗಳಿಗೆ ತಡೆಯುತ್ತಿತ್ತು. ಅದನ್ನು ಎರಡು ಸಾಲಿನಲ್ಲಿ ಬರೆದೆ. ಆ ಎರಡು ಸಾಲನ್ನು ಅವರು ಹೊಡೆದುಹಾಕಲಿಲ್ಲ. ಅವರ ಶಹಬ್ಬಾಸ್ ಅಂದರೆ ಅಷ್ಟೇ. ಈಗಲೂ ಯಾರಾದರೂ ಯಂತ್ರದ ಬಗ್ಗೆ ಬರೆದು ಕಳಿಸಿದರೆ ನಾನು ಮೊದಲು ಹುಡುಕುವುದು ಕೈಯನ್ನೇ.

ಕಂಪನಿ 1983ರಲ್ಲಿ ದಿವಾಳಿಯಾದ ಭಾಗವನ್ನು ಸದ್ಯ ಮುಟ್ಟಬೇಡಿ. ಎರಡನೇ ಪುಟವನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ಫೋಟೋ ಹಾಕುವುದಾದರೆ ಪೆಟ್ಟಿಗೆ ತೆರೆದಿಟ್ಟಿದ್ದು ಇರಲಿ. ಅದರ ಮುಚ್ಚಳವೇ ಕೀಬೋರ್ಡ್ ಎನ್ನುವುದನ್ನು ನೀವು ಎಲ್ಲೂ ಹೇಳಿಲ್ಲ.