ಮೇಣದ ಬೊಂಬೆ ಯಾರದು?

ಆತ್ಮೀಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಎಲಿನರ್ ಕಾಬಮ್‌ಳನ್ನು ಆರಿಸಿಕೊಂಡಿದ್ದೀರಿ, ಸಂತೋಷ. ಇಂಗ್ಲೆಂಡಿನ ದೊರೆ ಆರನೇ ಹೆನ್ರಿಗೆ 1441ರಲ್ಲಿ ಇನ್ನೂ ಮದುವೆಯಿಲ್ಲ. ಅವನು ಸತ್ತರೆ ಪಟ್ಟ ಚಿಕ್ಕಪ್ಪ ಹಂಫ್ರಿಗೆ, ಅಂದರೆ ಇವಳ ಗಂಡನಿಗೆ. ನಿಮ್ಮ ಎಲಿನರ್ ಮಾತ್ರ ಮೊದಲ ಪುಟದಿಂದಲೂ ಕಣ್ಣೀರಿಡುವ ಬಡಪಾಯಿ. ಅಲ್ಲ, ಹಂಫ್ರಿಯ ಮೊದಲ ಹೆಂಡತಿಯ ಸೇವೆಯಲ್ಲಿದ್ದು ಅವಳ ಜಾಗಕ್ಕೇ ಬಂದು ಕೂತ ಹೆಂಗಸು ಇವಳು! ಆ ಆಸೆ ಕಥೆಯಲ್ಲಿ ಕಾಣಲಿ. ಆಸೆಪಟ್ಟವಳ ಮೇಲೂ ಅನ್ಯಾಯ ಆಗುತ್ತದೆ.

ಮೇಣದ ಬೊಂಬೆಯನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕಥೆ ಇರುವುದೇ ಅಲ್ಲಿ. ದೊರೆಯನ್ನು ಕೊಲ್ಲಲು ಮಾಡಿಸಿದ್ದು ಅಂತ ಆರೋಪ ಹೊರಿಸಿದವರು. ಮಕ್ಕಳಾಗಲಿ ಅಂತ ಮಾಡಿಸಿದ್ದು ಅಂತ ಇವಳು. ಮಾಟಗಾತಿ ಎನಿಸಿಕೊಂಡಿದ್ದ ಮಾರ್ಜರಿ ಜೋರ್ಡಮೇನ್ ಹತ್ತಿರ ಹೋದದ್ದೂ ಬಸುರಿಗಾಗಿಯೇ ಎಂದಳು. ಅವಳು ಕೊಟ್ಟದ್ದನ್ನು ನೀವು ‘ಮಾಂತ್ರಿಕ ಪಾನೀಯ’ ಎಂದಿದ್ದೀರಿ. ‘ಮದ್ದು’ ಅನ್ನಿ. ಕುಡಿದರೆ ಔಷಧಿ, ಹಾಕಿದರೆ ಮಾಟ. ಮದ್ದು ಕುಡಿದಳೋ ಹಾಕಿಸಿದಳೋ ಎಂದು ತೀರ್ಮಾನಿಸಿದವರು ವಿಚಾರಣೆ ನಡೆಸಿದ ಬಿಷಪ್ಪರು. ನೀವೋ, ಗುಡುಗು ಮಿಂಚು ತಂದು ಬೊಂಬೆಯ ಕಣ್ಣು ತೆರೆಸಿ, ಅವರ ಆರೋಪವನ್ನೇ ನಿಜ ಮಾಡಿಕೊಟ್ಟಿರಿ.

ಕೊನೆಯಲ್ಲಿ ಎಲಿನರ್‌ಳನ್ನು ಸುಟ್ಟಿದ್ದೀರಿ. 1441ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಸುಟ್ಟದ್ದು ಮಾರ್ಜರಿಯನ್ನು. ದೊಡ್ಡ ಮನೆಯವಳಿಗೆ ಬೇರೆ ಶಿಕ್ಷೆ: ಮದುವೆ ರದ್ದು ಮಾಡಿದರು, ನವೆಂಬರ್‌ನಲ್ಲಿ ಮೂರು ದಿನ ತಲೆಗೆ ಬಟ್ಟೆಯಿಲ್ಲದೆ, ಕೈಯಲ್ಲಿ ಮೇಣದ ಬತ್ತಿ ಹಿಡಿಸಿ ಲಂಡನ್ ಬೀದಿಯಲ್ಲಿ ನಡೆಸಿದರು. ಬೊಂಬೆಯೂ ಮೇಣ, ಬತ್ತಿಯೂ ಮೇಣ. ಚರಿತ್ರೆ ಕೈಗೇ ಇಟ್ಟದ್ದನ್ನು ಬಿಟ್ಟು ಬೆಂಕಿ ಹುಡುಕಿಕೊಂಡು ಹೋದಿರಲ್ಲ! ಆಮೇಲೆ ಹನ್ನೊಂದು ವರ್ಷ ಸೆರೆ. ಸತ್ತದ್ದು 1452ರಲ್ಲಿ, ವೇಲ್ಸಿನ ಬ್ಯೂಮಾರಿಸ್ ಕೋಟೆಯಲ್ಲಿ.

ಹಂಫ್ರಿ ಕುದುರೆಯೇರಿ ಬಂದು ಮಾಡುವ ಭಾಷಣ ಬೇಡ. ಅವಳನ್ನು ಉಳಿಸುವುದು ಅವನ ಕೈಲಾಗಲಿಲ್ಲ. ಆ ಮೂರು ದಿನ ಅವನು ಮನೆಯಲ್ಲಿ ಏನು ಮಾಡುತ್ತಿದ್ದನೆಂದು ಊಹಿಸಿ ಬರೆಯಿರಿ.

ಮಾರ್ಜರಿಗೂ ಎರಡು ಪುಟ ಕೊಡಿ. ಅವಳಿಗೆ ನೀವು ಒಂದು ಮಾತನ್ನೂ ಆಡಿಸಿಲ್ಲ. ತಿದ್ದಿ ಕಳಿಸಿ, ಓದುತ್ತೇನೆ. ಹಾಂ, ಔತಣದಲ್ಲಿ ಬಡಿಸಿದ ಆಲೂಗಡ್ಡೆ ತೆಗೆದುಬಿಡಿ. ಅದಿನ್ನೂ ಆ ಸೀಮೆಗೆ ಬಂದಿರಲಿಲ್ಲ.

ಸಂಪಾದಕ