ಸಾಕ್ಷಿ ಹೇಳಲು ಕರೆದಾಗ

ಪ್ರಶ್ನೆ: ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ 31 ವರ್ಷದ ಅವಿವಾಹಿತ. ನಮ್ಮ ಮೂಲ ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನಾನು ಹುಟ್ಟುವ ಮೊದಲು, ತಾಯಿ ದೊಡ್ಡ ಕಾಯಿಲೆಯಿಂದ ಎದ್ದಾಗ, ತಂದೆ ಕ್ರೈಸ್ತ ವಿಶ್ವಾಸಕ್ಕೆ ಬಂದರು. ನಾನು 17ನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡೆ. ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೆ ಮೂರು ವರ್ಷಗಳಿಂದ ನನ್ನ ಪ್ರಾರ್ಥನೆಯನ್ನು ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಂದು ಅನ್ನಿಸುತ್ತಿಲ್ಲ. ಒಮ್ಮೆ ಯೌವನಸ್ಥರ ಕೂಟದಲ್ಲಿ ಸಂದೇಹವೊಂದನ್ನು ಕೇಳಿದ್ದಕ್ಕೆ, ‘ಬ್ರದರ್‌ಗೆ ಶೋಧನೆ (ನಂಬಿಕೆಯ ಪರೀಕ್ಷೆ) ಬಂದಿದೆ’ ಎಂದು ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಂದಿನಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ಈಗ ಉಪವಾಸ ಕೂಟದಲ್ಲಿ ಸಾಕ್ಷಿ ಹೇಳಬೇಕೆಂದು, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಬೇಕೆಂದು, ಪಾಸ್ಟರ್ ಕೇಳಿದ್ದಾರೆ. ವಿಶ್ವಾಸಿ ಕುಟುಂಬವೊಂದರಿಂದ ಹೆಣ್ಣಿನ ಪ್ರಸ್ತಾಪವೂ ಬಂದಿದೆ. ಇದರ ನಡುವೆ ನಮ್ಮ ಸೋದರತ್ತೆ, ಸ್ವಸ್ಥತೆಯ ಕೂಟಕ್ಕೆ ಹೋಗಿ ಬಂದ ಮೇಲೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಿದ್ದಾರೆ. ಆಕ್ಷೇಪಿಸಿದರೆ ನನ್ನ ಗುಟ್ಟು ಬಯಲಾದೀತೆಂದು ಸುಮ್ಮನಿದ್ದೇನೆ. ನಾನು ಕಪಟಿಯೇ? ತಂದೆಗೆ ಹೇಳಬೇಕೇ?
– ಹೆಸರು ಬೇಡ, ಮೈಸೂರು

ಉತ್ತರ: ನಾನು ನಿಮ್ಮ ಮತದವಳಲ್ಲ. ಆದರೆ ಮಡಿ ಹಿಡಿಯುತ್ತಿದ್ದ ಮನೆಯಲ್ಲಿ ಬೆಳೆದು, ಒಳಗೆ ಏನೂ ಅನ್ನಿಸದಿದ್ದರೂ ದೇವರ ಕೋಣೆಯ ಮುಂದೆ ಅಜ್ಜಿಗಾಗಿ ಕೈಮುಗಿದು ನಿಂತ ವರ್ಷಗಳು ನನಗೂ ಇವೆ. ಆದ್ದರಿಂದ ‘ಕಪಟಿ’ ಎಂಬ ಪದವನ್ನು ಅಷ್ಟು ಸುಲಭವಾಗಿ ನಿಮ್ಮ ಮೇಲೆ ಹೊರಿಸಲಾರೆ. ಮನಸ್ಸಿನಲ್ಲಿರುವುದನ್ನು ಹೇಳದೆ ಇರುವುದು ಬೇರೆ, ಇಲ್ಲದ್ದನ್ನು ಇದೆಯೆಂದು ಹೇಳುವುದು ಬೇರೆ. ನೀವು ಇಲ್ಲಿಯವರೆಗೆ ಮಾಡಿರುವುದು ಹೆಚ್ಚಾಗಿ ಮೊದಲನೆಯದು. ಈಗ ನಿಮ್ಮನ್ನು ಕರೆಯುತ್ತಿರುವುದು ಎರಡನೆಯದಕ್ಕೆ.

ನಿಮ್ಮಂಥವರ ಸಂಕಟ ಇಷ್ಟು ತೀವ್ರವಾಗಿರಲು ಸಭೆಯ ಸ್ವರೂಪವೇ ಒಂದು ಕಾರಣ. ಕಥೋಲಿಕರಲ್ಲಿ, ಮತ್ತು 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ, ಶಿಶುವಿಗೇ ದೀಕ್ಷಾಸ್ನಾನ ಕೊಡುವ ಪದ್ಧತಿಯಿದೆ. ಅಲ್ಲಿ ಸಂದೇಹ ಹೊತ್ತವನೂ ಬೆಂಚಿನ ಮೇಲೆ ಕುಳಿತು, ಪುಸ್ತಕದಲ್ಲಿರುವ ಪ್ರಾರ್ಥನೆಯನ್ನು ಹತ್ತು ಜನರ ದನಿಯೊಳಗೆ ದನಿ ಸೇರಿಸಿ ಓದಿ, ಯಾರ ಕಣ್ಣಿಗೂ ಬೀಳದೆ ಮನೆಗೆ ಹೋಗಬಹುದು. ನಿಮ್ಮದರಂಥ ಸಭೆಗಳಲ್ಲಿ ಬುದ್ಧಿ ಬಲಿತ ಮೇಲೆ ಸ್ವಂತ ಬಾಯಿಂದ ಒಪ್ಪಿಕೊಂಡು ನೀರಿಗಿಳಿಯುವುದೇ ಬುನಾದಿ, ಆ ಒಪ್ಪಿಗೆಯನ್ನು ಮತ್ತೆ ಮತ್ತೆ ಎದ್ದು ನಿಂತು ಹೇಳುವುದೇ ವಾಡಿಕೆ. ಹೀಗಾಗಿ ಅಲ್ಲಿ ಸಂದೇಹವು ಆಚರಣೆಯ ಲೋಪವಾಗಿ ಕಾಣುವುದಿಲ್ಲ, ಕೊಟ್ಟ ಮಾತನ್ನೇ ಮುರಿದಂತೆ ಕಾಣುತ್ತದೆ. ಊರಿನವರು ‘ಮತ ಬಿಟ್ಟವರು’ ಎಂದು ಅನುಮಾನದಿಂದ ನೋಡುವಾಗ ಒಬ್ಬರಿಗೊಬ್ಬರು ಆಸರೆಯಾಗಿ ನಿಂತ ಚಿಕ್ಕ ಗುಂಪಿನಲ್ಲಿ, ಒಬ್ಬನ ಹಿಂಜರಿಕೆಯೂ ಗೋಡೆಯ ಇಟ್ಟಿಗೆ ಕಿತ್ತಂತೆ ಅನ್ನಿಸುವುದು ಸಹಜ. ತಲೆಯ ಮೇಲೆ ಕೈಯಿಟ್ಟವರು ಕೆಟ್ಟವರಲ್ಲ, ಹೆದರಿದವರು.

ಸಂದೇಹಪಡುವವನು ಗಾಳಿಗೆ ಅಲೆಯುವ ಸಮುದ್ರದ ತೆರೆಯಂತೆ ಎಂಬ ಯಾಕೋಬನ ಪತ್ರಿಕೆಯ ಮಾತನ್ನು ನೀವು ಬಹಳ ಸಲ ಕೇಳಿರಬೇಕು. ಆದರೆ ಸಂದೇಹಪಡುವವರಿಗೆ ಕರುಣೆ ತೋರಿಸಿರಿ ಎಂದು ಯೂದನ ಪತ್ರಿಕೆ ಹೇಳುವುದೂ ಅದೇ ಸತ್ಯವೇದದಲ್ಲಿದೆ (ಬೈಬಲ್‌ನಲ್ಲಿದೆ). ಸತ್ತ ಯೇಸು ಮತ್ತೆ ಎದ್ದನೆಂಬುದನ್ನು ನಂಬದ ಶಿಷ್ಯ ತೋಮನ ವೃತ್ತಾಂತವನ್ನು ಮಕ್ಕಳಿಗೆ ಹೇಳುವಾಗ ಎಲ್ಲರೂ ಗಾಯವನ್ನು ಮುಟ್ಟಿ ನೋಡುವ ಮಾತಿಗೆ ಬೇಗ ಬಂದುಬಿಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಬರುವ ಎಂಟು ದಿನಗಳ ಅಂತರ. ತಾನು ಕಾಣದೆ ನಂಬುವುದೇ ಇಲ್ಲವೆಂದು ಆತ ಮುಖದ ಮೇಲೆ ಹೇಳಿದ್ದರೂ, ಎಂಟು ದಿನಗಳ ನಂತರ ಬಾಗಿಲು ಮುಚ್ಚಿದ ಆ ಮನೆಯೊಳಗೆ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ. ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ನಿಮ್ಮ ಸಂದೇಹ ಕರಗಿಯೇ ತೀರುತ್ತದೆ ಎಂಬ ಆಶ್ವಾಸನೆಗಾಗಿ ಇದನ್ನು ಹೇಳುತ್ತಿಲ್ಲ. ಅದು ಕರಗದೆಯೂ ಇರಬಹುದು. ನಿಶ್ಚಯ ಮೂಡುವವರೆಗೆ ನೀವು ಅವರ ನಡುವೆ ಕುಳಿತಿರುವುದರಲ್ಲಿ ತಪ್ಪಿಲ್ಲವೆಂಬುದಷ್ಟೇ ನನ್ನ ಮಾತು.

ಕೀಬೋರ್ಡ್ ನುಡಿಸುವುದನ್ನು ಮುಂದುವರಿಸಿ. ಸಾಕ್ಷಿಯನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಪಾಸ್ಟರ್ ಅವರಿಗೆ ‘ಈಗ ಹೇಳುವಂಥದ್ದು ನನ್ನಲ್ಲಿಲ್ಲ’ ಎಂದಷ್ಟೇ ತಿಳಿಸಿದರೆ ಅದು ಸತ್ಯವೂ ಹೌದು, ಸಾಕಷ್ಟೂ ಹೌದು. ಸಂಡೇ ಸ್ಕೂಲಿನ ಕೆಲಸವನ್ನು ಒಂದು ವರ್ಷ ಬೇರೆಯವರಿಗೆ ಬಿಟ್ಟುಕೊಟ್ಟರೆ ನಿಮಗೇ ಉಸಿರಾಡಲು ಜಾಗವಾದೀತು. ಕಚೇರಿಯ ಕೆಲಸ ಹೆಚ್ಚಾಗಿದೆ ಎಂಬ ನೆಪವನ್ನು ಹೂಡದೆ ‘ಸ್ವಲ್ಪ ಕಾಲ ಬಿಡುವು ಬೇಕು’ ಎನ್ನಿ.

ಮದುವೆಯ ವಿಷಯದಲ್ಲಿ ನಾನು ಇಷ್ಟು ಮೆತ್ತಗಿರಲಾರೆ. ಆ ಹೆಣ್ಣುಮಗಳು ತನ್ನಂತೆಯೇ ಪ್ರಾರ್ಥಿಸುವ, ನಾಳೆ ಮಕ್ಕಳನ್ನೂ ಅದೇ ದಾರಿಯಲ್ಲಿ ಬೆಳೆಸುವ ಗಂಡನನ್ನು ನಿರೀಕ್ಷಿಸಿ ಒಪ್ಪುತ್ತಾಳೆ. ಆಕೆಯ ಮುಂದೆ ನಿಮ್ಮ ಮೌನವು ಮೌನವಾಗಿ ಉಳಿಯುವುದಿಲ್ಲ, ಮೋಸವಾಗುತ್ತದೆ. ನಿಶ್ಚಿತಾರ್ಥಕ್ಕೆ ಮುಂಚೆ, ಹಿರಿಯರ ಎದುರಿನಲ್ಲಲ್ಲ, ಅವಳೊಬ್ಬಳಿಗೇ ಹೇಳಿ. ಅದು ಆಗದ ಮಾತು ಎನ್ನಿಸಿದರೆ ಸಂಬಂಧವನ್ನೇ ಮುಂದಕ್ಕೆ ಹಾಕಿ.

ಇನ್ನು ತಂದೆ. ಅವರಿಗೆ ಹೇಳುವ ಮೊದಲು ಅವರಿಂದ ಒಂದು ಕಥೆ ಕೇಳಿ: ಮನೆದೇವರನ್ನು ಬಿಟ್ಟು ಬೇರೆ ದಾರಿ ಹಿಡಿದೆನೆಂದು ಅವರು ತಮ್ಮ ತಂದೆಗೆ, ಅಂದರೆ ನಿಮ್ಮ ತಾತನಿಗೆ, ಹೇಗೆ ತಿಳಿಸಿದರು? ಎಷ್ಟು ದಿನ ಮುಚ್ಚಿಟ್ಟಿದ್ದರು? ತಾತ ಏನೆಂದರು? ಹಿಂದಿನವರು ನಂಬಿದ್ದನ್ನು ಪ್ರಶ್ನಿಸಿ ತನ್ನ ಮನಸ್ಸಾಕ್ಷಿಗೆ ಸರಿಕಂಡದ್ದನ್ನು ಆರಿಸಿಕೊಂಡ ಮೊದಲ ವ್ಯಕ್ತಿ ನಿಮ್ಮ ಮನೆಯಲ್ಲಿ ಅವರೇ. ಸಂವಿಧಾನದ 25ನೆಯ ವಿಧಿ ಕೊಟ್ಟಿರುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ಅವರ ನಂಬಿಕೆಯನ್ನು ಕಾಯ್ದಂತೆ ನಿಮ್ಮ ಸಂದೇಹವನ್ನೂ ಕಾಯುತ್ತದೆ. ಆದರೆ ಇದನ್ನು ಅವರೊಡನೆ ವಾದಕ್ಕೆ ಎತ್ತಿಕೊಳ್ಳಬೇಡಿ. ತಾಯಿಯ ಪ್ರಾಣ ಉಳಿದದ್ದಕ್ಕೂ ಅವರ ವಿಶ್ವಾಸಕ್ಕೂ ಇರುವ ಗಂಟನ್ನು ಬಿಚ್ಚುವ ಹಕ್ಕು ನಿಮಗಿಲ್ಲ. ಆ ಕಥೆಯನ್ನು ಅವರು ಹೇಗೆ ಹೇಳುತ್ತಾರೆಂಬುದರ ಮೇಲೆ, ನಿಮ್ಮದನ್ನು ಯಾವಾಗ ಹೇಳಬಹುದೆಂಬುದು ನಿಮಗೇ ಹೊಳೆಯಬಹುದು. ಆತುರವಿಲ್ಲ.

ಆತುರವಿರುವುದು ಅತ್ತೆಯವರ ವಿಷಯದಲ್ಲಿ. ಸಕ್ಕರೆ ಏರಿದ್ದು ಮೇಲುನೋಟಕ್ಕೆ ತಿಳಿಯದೆ ಕಣ್ಣನ್ನೂ ಮೂತ್ರಪಿಂಡವನ್ನೂ ಕಾಲಿನ ನರಗಳನ್ನೂ ಕೆಡಿಸುತ್ತಾ ಹೋಗುತ್ತದೆ, ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೂ ಬರುತ್ತದೆ. ಇದನ್ನು ಆಕ್ಷೇಪಿಸಲು ನೀವು ಅವಿಶ್ವಾಸಿಯಾಗಬೇಕಿಲ್ಲ; ದೃಢ ವಿಶ್ವಾಸಿಗಳೂ ಆಕ್ಷೇಪಿಸುತ್ತಾರೆ. ಲೂಕನನ್ನು ಪ್ರಿಯ ವೈದ್ಯನೆಂದು ಕರೆದವನೂ, ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಬರೆದವನೂ ಸತ್ಯವೇದದ ಅಪೊಸ್ತಲ ಪೌಲನೇ ಎಂಬುದನ್ನು ಅವರಿಗೆ ನೆನಪಿಸಿ. ತಂದೆಯನ್ನೂ ಜೊತೆಗೆ ಕರೆದುಕೊಳ್ಳಿ, ತಂಗಿಯ ಮೇಲೆ ಅವರ ಮಾತು ನಡೆಯುತ್ತದೆ. ಈ ಪತ್ರಿಕೆ ನಿಮ್ಮ ಕೈಸೇರಿದ ದಿನವೇ ಕೆ.ಆರ್. ಆಸ್ಪತ್ರೆಗೋ, ಅವರು ನಂಬುವ ಬೇರೆ ವೈದ್ಯರ ಬಳಿಗೋ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ.